ಕಡವಿನವಳ ಸಾಕ್ಷ್ಯ

ಕೊಡಗು ತನ್ನಷ್ಟಕ್ಕೆ ತಾನೇ ಒಂದು ರಾಜ್ಯವಾಗಿದ್ದ ಆ ಕೆಲವು ವರ್ಷಗಳಲ್ಲಿ ನಾನು ಮಡಿಕೇರಿಯ ಒಂದು ವಕೀಲರ ಕಚೇರಿಯಲ್ಲಿ ಜೂನಿಯರ್ ಆಗಿದ್ದೆ. ಕೋಟೆಯಿಂದ ಇಳಿಯುವ ರಸ್ತೆಯ ಬದಿಯಲ್ಲಿ ಒಂದು ಹಳೆಯ ಹೆಂಚಿನ ಕಟ್ಟಡ. ಅದರ ಮುಂಭಾಗದ ಎರಡು ಕೋಣೆಗಳೇ ಕಚೇರಿ. ಬಾಗಿಲ ಮೇಲೆ ಇಬ್ಬರು ಹಿರಿಯ ವಕೀಲರ ಹೆಸರು, ಅದರ ಕೆಳಗೆ ‘ಜಟಿಲವಾದ ಸಿವಿಲ್ ಮತ್ತು ಕ್ರಿಮಿನಲ್ ವ್ಯಾಜ್ಯಗಳು’ ಎಂಬ ಬರಹ. ಜಟಿಲವಲ್ಲದ ವ್ಯಾಜ್ಯ ಬಂದರೆ ಏನು ಮಾಡುತ್ತೀರಿ ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಆ ಹೊಸ್ತಿಲು ದಾಟಿದ ಮೇಲೆ ಯಾವ ವ್ಯಾಜ್ಯವೂ ಸರಳವಾಗಿ ಉಳಿಯುತ್ತಿರಲಿಲ್ಲ.

ಎಡಗಡೆಯ ಕೋಣೆ ಸಿವಿಲ್ ಯಜಮಾನರದು. ಮೆತ್ತಗಿನ ಮನುಷ್ಯ, ದೇವಸ್ಥಾನದಲ್ಲಿ ಮಾತಾಡುವಂತೆ ಮಾತಾಡುತ್ತಿದ್ದರು. ಕುಶಾಲನಗರದ ಕಡೆಯ ಇಬ್ಬರು ಅಣ್ಣತಮ್ಮಂದಿರು ಒಮ್ಮೆ ನಮ್ಮಲ್ಲಿಗೆ ಬಂದಿದ್ದರು. ಹಾಸನದ ಕಡೆಯಿಂದ ಬಂದು ನೆಲೆಸಿದ ಒಕ್ಕಲಿನವರು. ಗದ್ದೆಗೆ ನೀರು ಹಾಯಿಸುವ ಒಂದು ಕಾಲುವೆಯ ವಿಷಯ. ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದು, ಒಂದೇ ಬೆಂಚಿನ ಮೇಲೆ ಕೂತು, ‘ನೀವೇ ಏನಾದ್ರೂ ಹೇಳಿ ಸ್ವಾಮಿ, ಇಬ್ರೂ ಕೇಳ್ತೀವಿ’ ಎಂದಿದ್ದರು. ಸಿವಿಲ್ ಯಜಮಾನರು ಇಬ್ಬರಿಗೂ ಕಾಫಿ ತರಿಸಿ, ತಮ್ಮನನ್ನು ಮೆಲ್ಲಗೆ ಎದುರುಗಡೆ ವಕೀಲಿ ಕಚೇರಿ ಇಟ್ಟುಕೊಂಡಿದ್ದ ತಮ್ಮದೇ ಷಡ್ಡಕನ ಬಳಿಗೆ ಕಳಿಸಿದರು. ನಾನು ಆ ಕಚೇರಿಗೆ ಸೇರುವಾಗ ಆ ದಾವೆಗೆ ಆರು ವರ್ಷ. ಆಗ ಅಣ್ಣತಮ್ಮಂದಿರು ಬೇರೆ ಬೇರೆ ಬಸ್ಸಿನಲ್ಲಿ ಬರುತ್ತಿದ್ದರು. ಯಜಮಾನರು ಆ ಕಡತವನ್ನು ಸವರುವಾಗ ಅವರ ಮುಖದಲ್ಲಿ ಕಾಣುತ್ತಿದ್ದ ವಾತ್ಸಲ್ಯವನ್ನು ಅವರ ಸ್ವಂತ ಮಕ್ಕಳ ಮೇಲೆ ತೋರಿಸಿದ್ದನ್ನು ನಾನು ಕಂಡಿಲ್ಲ.

ಬಲಗಡೆಯ ಕೋಣೆ ಕ್ರಿಮಿನಲ್ ಯಜಮಾನರದು. ನಾನು ಅವರ ಕೈಕೆಳಗಿದ್ದವನು. ಅವರ ಪಾಟೀ ಸವಾಲು ಕೇಳಲು ಊರಿನಿಂದ ಜನ ಬರುತ್ತಾರೆ ಎಂಬ ಮಾತಿತ್ತು, ಬರುತ್ತಿದ್ದುದೂ ನಿಜ. ಅವರು ಗೌನನ್ನು ಭುಜದಿಂದ ಒಂದು ಸಲ ಜಾರಿಸಿ ಮತ್ತೆ ಏರಿಸಿಕೊಂಡರೆ, ಸಾಕ್ಷಿ ಕಟ್ಟೆಯಲ್ಲಿದ್ದವನಿಗೆ ತನ್ನ ಅಪ್ಪನ ಹೆಸರು ಮರೆತುಹೋಗುತ್ತಿತ್ತು. ಮಧ್ಯಾಹ್ನ ವಕೀಲರ ಕೋಣೆಯಲ್ಲಿ ಕೂತು ತಾವು ಅಳಿಸಿದ ಸಾಕ್ಷಿಗಳ ಕತೆ ಹೇಳುತ್ತಿದ್ದರು. ಯಾರನ್ನು ಉಳಿಸಿದೆ ಎಂಬ ಕತೆ ಒಂದನ್ನೂ ನಾನು ಕೇಳಲಿಲ್ಲ. ಭಾನುವಾರ ಮಾತ್ರ ಅವರು ಬೇರೆ ಮನುಷ್ಯ. ಸಂತೆಗೆ ಮೀನು ತರುತ್ತಿದ್ದ ಮಲಯಾಳಿಗಳ ಹತ್ತಿರ ಪಂಚೆ ಎತ್ತಿ ಕಟ್ಟಿ ಕೂತು, ಮೀನಿನ ಕಿವಿರು ಬಿಡಿಸಿ ನೋಡಿ, ಅವರದೇ ಭಾಷೆಯಲ್ಲಿ ಅವರನ್ನೇ ಮೀರಿಸುವಂತೆ ಜಗಳವಾಡುತ್ತಿದ್ದರು.

ನನ್ನ ವಿಷಯವನ್ನೂ ಹೇಳಿಬಿಡುತ್ತೇನೆ. ನಮ್ಮಪ್ಪ ನೆಲ್ಯಹುದಿಕೇರಿಯಲ್ಲಿ ಶಾಲೆಯ ಮೇಷ್ಟ್ರು. ನಾನೂ ಎಂಟು ವರ್ಷ ಮೇಷ್ಟ್ರಾಗಿದ್ದು, ಆಮೇಲೆ ಕಾನೂನು ಓದಿ, ಮೂವತ್ತೆರಡನೆಯ ವಯಸ್ಸಿನಲ್ಲಿ ಕರಿ ಕೋಟು ಹಾಕಿದವನು. ಅಷ್ಟು ತಡವಾಗಿ ಬಂದವನಿಗೆ ಆತುರ ಹೆಚ್ಚು. ಯಜಮಾನರ ಪುಸ್ತಕಗಳನ್ನು ಹೊತ್ತು ಅವರ ಎರಡು ಹೆಜ್ಜೆ ಹಿಂದೆ ಕೋಟೆಯ ಕಡೆ ನಡೆಯುವಾಗ ರಸ್ತೆಯಲ್ಲಿ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಓರೆಗಣ್ಣಿನಲ್ಲಿ ಗಮನಿಸುತ್ತಿದ್ದೆ. ನನ್ನನ್ನು ಅವರು ‘ಮೇಷ್ಟ್ರೇ’ ಎಂದು ಕರೆಯುತ್ತಿದ್ದರು. ಗೌರವಕ್ಕಲ್ಲ.

ನೆಲ್ಯಹುದಿಕೇರಿಯ ಕೆಳಗೆ, ಹೊಳೆ ಅಗಲವಾಗಿ ಹರಿಯುವ ಕಡೆ, ಆಗ ಒಂದು ದೋಣಿಯ ಕಡವು ಇತ್ತು. ಆಚೆ ದಡದಲ್ಲಿ ದೊಡ್ಡ ಕಾಫಿ ಎಸ್ಟೇಟು. ಕಡವು ನಡೆಸುತ್ತಿದ್ದವನು ಮಲಯಾಳಿ ಅಂಬಿಗ. ಅವನೂ ಅವನ ಹೆಂಡತಿಯೂ ನಮ್ಮ ಮನೆಗೆ ಹತ್ತಿರದವರು. ನಾನು ಚಿಕ್ಕವನಿದ್ದಾಗಿನಿಂದ ಅವಳನ್ನು ಚೇಚಿ, ಅಂದರೆ ಅಕ್ಕ, ಎಂದೇ ಕರೆದವನು. ಅವಳು ನನ್ನನ್ನು ‘ಮಾಷ್ಟ್ರ ಮೋನೇ’ ಎನ್ನುತ್ತಿದ್ದಳು. ಮೇಷ್ಟ್ರ ಮಗನೇ ಎಂದು. ನನಗೆ ಮಲಯಾಳ ಬಂದದ್ದು ಅವಳ ಅಂಗಳದಲ್ಲಿ.

ಒಂದು ಕಾಫಿ ಕೊಯ್ಲಿನ ಕಾಲದಲ್ಲಿ ಎಸ್ಟೇಟಿನ ರೈಟರ್, ಎಂದರೆ ಆಳುಗಳ ಹಾಜರಿ ಬರೆಯುವ ಗುಮಾಸ್ತ, ಸಂಜೆ ಹೊತ್ತಿನಲ್ಲಿ ಕಾಫಿ ಮೂಟೆಗಳನ್ನು ಹೊಳೆ ದಾಟಿಸಲು ತಂದ. ಆಗ ಬೆಳೆದ ಕಾಫಿಯೆಲ್ಲ ಸರಕಾರದ ಲೆಕ್ಕಕ್ಕೆ ಹೋಗಬೇಕಾಗಿದ್ದ ಕಾಲ. ಪಾಸಿಲ್ಲದೆ ಒಂದು ಮೂಟೆಯೂ ಕದಲುವಂತಿರಲಿಲ್ಲ. ಅಂಬಿಗ ಪಾಸು ಕೇಳಿದ. ಪಾಸಿರಲಿಲ್ಲ. ‘ಆಳು ಬೇಕಾದ್ರೆ ದಾಟಿಸ್ತೇನೆ, ಮೂಟೆ ದಾಟಿಸೂದಿಲ್ಲ’ ಎಂದು ದೋಣಿಯನ್ನು ಗೂಟಕ್ಕೆ ಕಟ್ಟಿಬಿಟ್ಟ. ಅವನು ಯಾರಿಗೂ ದೂರು ಕೊಡಲಿಲ್ಲ, ಊರಿಗೆ ಸಾರಲೂ ಇಲ್ಲ. ಅಷ್ಟೇ ಹೇಳಿ, ಮನೆಗೆ ಹೋಗಿ ಊಟ ಮಾಡಿದ.

ಹತ್ತು ದಿನ ಬಿಟ್ಟು, ಇನ್ನೂ ಬೆಳಕಿರುವಾಗಲೇ, ಮೂವರು ಕಂಬಳಿ ಮುಸುಕು ಹಾಕಿಕೊಂಡು ಬಂದು ಅವನ ಮನೆಯ ಮುಂದೆಯೇ ಅವನನ್ನು ಕೆಡವಿ, ಮುಖದ ಮೇಲೆ ಗೋಣಿ ಹಾಕಿ, ದೋಣಿಯ ಕೋಲಿನಿಂದಲೇ ಬಲಗಾಲು ಮುರಿದರು. ಅವನು ಯಾರನ್ನೂ ನೋಡಲಿಲ್ಲ. ಚೇಚಿ ಹಿತ್ತಲಿನಿಂದ ಓಡಿ ಬಂದು ನೋಡಿದಳು. ಮುಖಗಳು ಕಾಣಲಿಲ್ಲ. ಆದರೆ ಮೂವರಲ್ಲಿ ಒಬ್ಬನ ಕಾಲ ಬಳಿ ಎಡಗಿವಿ ಹರಿದ ಕಂದು ನಾಯಿಯೊಂದು ಬಾಲ ಆಡಿಸುತ್ತ ನಿಂತಿತ್ತು. ಅದು ರೈಟರನ ನಾಯಿ. ಬೇರೆ ಯಾರು ಕರೆದರೂ ಹೋಗದ, ಅವನ ಹೆಜ್ಜೆ ಬಿಟ್ಟು ಇರದ ನಾಯಿ. ಆ ಬದಿಯಲ್ಲಿ ಅದನ್ನು ಅರಿಯದವರಿರಲಿಲ್ಲ.

ಪೊಲೀಸರು ರೈಟರನನ್ನು ಹಿಡಿದು ತಂದರು. ನಾಯಿ ಅವನ ಹಿಂದೆಯೇ ಸ್ಟೇಷನ್ನಿಗೂ ಬಂದು ಹೊರಗೆ ಮಲಗಿತ್ತಂತೆ. ಚೇಚಿ ಅಲ್ಲಿ ಹೇಳಿಕೆ ಕೊಟ್ಟಳು. ಮರುವಾರ ಎಸ್ಟೇಟಿನ ಮಾಲೀಕರ ಜೀಪು ನಮ್ಮ ಕಚೇರಿಯ ಮುಂದೆ ನಿಂತಿತು.

ನಾನು ಯಜಮಾನರಿಗೆ ಅಂದೇ ಹೇಳಿದೆ. ‘ಸಾರ್, ಆ ಅಂಬಿಗನ ಮನೆಯವರು ನಮಗೆ ಬೇಕಾದವರು. ನಾನು ಈ ಕೇಸಿನಲ್ಲಿ ಇರೋದು ಚೆನ್ನಾಗಿರಲ್ಲ.’

ಅವರು ಮೂಗಿಗೆ ನಸ್ಯ ಏರಿಸುತ್ತ ಕೇಳಿಸಿಕೊಂಡರು. ‘ಬೇಕಾದವರು ಎಲ್ಲರಿಗೂ ಇರ್ತಾರೆ ಮೇಷ್ಟ್ರೇ. ಬೇಡವಾದ ಕೇಸು ಅಂತ ಯಾವ ವಕೀಲನಿಗೂ ಇರಕೂಡದು. ನಿಮಗೆ ಕಷ್ಟವಾದ್ರೆ ಹೇಳಿ, ಶಾಲೆಗಳಲ್ಲಿ ಜಾಗ ಖಾಲಿ ಇರ್ತಾವೆ.’

ನಾನು ಕೇಸಿನಲ್ಲೇ ಉಳಿದೆ. ಆ ದಿನ ಅವರನ್ನು ತಿರಸ್ಕಾರದಿಂದ ನೋಡಿದೆ ಎಂದು ಬಹಳ ಕಾಲ ನಂಬಿಕೊಂಡಿದ್ದೆ. ನಿಜವಾಗಿ ನೋಡಿದ್ದು ಅವರ ಕಪಾಟಿನಲ್ಲಿದ್ದ ಪುಸ್ತಕಗಳನ್ನು.

ವಿಚಾರಣೆಯ ದಿನ ಚೇಚಿ ಕಟ್ಟೆ ಹತ್ತಿದಳು. ಮ್ಯಾಜಿಸ್ಟ್ರೇಟರು ಹೊರಗಿನಿಂದ ಹೊಸದಾಗಿ ಬಂದವರು. ಅವರಿಗೆ ಕೊಡಗೆಂದರೆ ಚಳಿ, ಜಿಗಣೆ ಮತ್ತು ಅರ್ಥವಾಗದ ಭಾಷೆಗಳು. ಬೆಳಗಿನಿಂದ ಮೂರು ಸಲ ಗಡಿಯಾರ ನೋಡಿದ್ದರು. ಸರಕಾರದ ಪರವಾಗಿ ಕೇಸು ನಡೆಸಬೇಕಾಗಿದ್ದ ಪ್ರಾಸಿಕ್ಯೂಟಿಂಗ್ ಇನ್ಸ್‌ಪೆಕ್ಟರೂ ಮೈಸೂರು ಕಡೆಯವರು. ಅವರ ಮುಂದೆ ಪೊಲೀಸ್ ಕಡತ ಇತ್ತು, ಆದರೆ ಅದರ ದಾರ ಬಿಚ್ಚಿರಲಿಲ್ಲ. ಇವರಿಬ್ಬರ ನಡುವೆ ಬೆಂಚ್ ಗುಮಾಸ್ತ. ತನಗೆ ಏಳು ಭಾಷೆ ಬರುತ್ತದೆ ಎಂದು ಹೇಳಿಕೊಳ್ಳುತ್ತಿದ್ದ ಮನುಷ್ಯ. ಏಳರಲ್ಲಿಯೂ ‘ಬೇಗ ಹೇಳು’ ಎನ್ನಲು ಬರುತ್ತಿತ್ತು, ಅದು ನಿಜ.

ಚೇಚಿಗೆ ಸಂತೆಯ ಮಟ್ಟಿಗೆ ಕನ್ನಡ ಬರುತ್ತಿತ್ತು. ಅವಳು ಕನ್ನಡದಲ್ಲೇ ಸುರು ಮಾಡಿದಳು, ಭಯಕ್ಕೆ ತೊದಲಿದಳು. ಗುಮಾಸ್ತ ಸಿಡುಕಿದ: ‘ನಿಂಗೆ ಬರೋ ಭಾಷೇಲೇ ಹೇಳಮ್ಮ, ನಾವು ಬರ್ಕೋತೀವಿ.’ ಅವಳು ಮಲಯಾಳಕ್ಕೆ ಹೊರಳಿದಳು.

ಇನ್ಸ್‌ಪೆಕ್ಟರು ಕೇಳಿದರು. ‘ಮುಸುಕು ಹಾಕಿದ್ದರು ಅಂತೀಯಲ್ಲ, ಮತ್ತೆ ಹೇಗೆ ಗುರುತಿಸಿದೆ?’

ಚೇಚಿ ಹೇಳಿದಳು: ‘ಪಟ್ಟಿಯೆ ಕಂಡಿಟ್ಟಾಣ್ ಆಳೆ ಅರಿಞ್ಞದ್.’

ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ. ಆಳ್ ಎಂದರೆ ಮನುಷ್ಯ. ನಾಯಿಯನ್ನು ಕಂಡು ಮನುಷ್ಯನನ್ನು ಗುರುತಿಸಿದೆ ಎಂದು ಅವಳು ಹೇಳಿದ್ದು. ಏಳು ಭಾಷೆಗಳ ಗುಮಾಸ್ತ ಒಂದು ಗಳಿಗೆಯೂ ಯೋಚಿಸದೆ ಕನ್ನಡಕ್ಕೆ ತಿರುಗಿಸಿದ: ‘ಪಟ್ಟಿಯನ್ನು ಕಂಡು ಆಳನ್ನು ಗುರುತಿಸಿದೆ.’ ಮ್ಯಾಜಿಸ್ಟ್ರೇಟರು ಹಾಗೆಯೇ ಬರೆದುಕೊಂಡರು. ಎಸ್ಟೇಟಿನ ಕೇಸು, ಆಳುಗಳ ಪಟ್ಟಿ ಇರುತ್ತದೆ, ಅವರಿಗೆ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ದಾರ ಬಿಚ್ಚದ ಆ ಕಡತದೊಳಗೆ ಹೆಡ್ ಕಾನ್‌ಸ್ಟೇಬಲ್ ಸ್ಪಷ್ಟವಾಗಿ ‘ನಾಯಿ’ ಎಂದು ಬರೆದಿದ್ದ. ಇನ್ಸ್‌ಪೆಕ್ಟರು ಅದನ್ನು ಒಮ್ಮೆ ಓದಿ ಬಂದಿದ್ದರೆ ಅಲ್ಲೇ ಇನ್ನೊಂದು ಪ್ರಶ್ನೆ ಕೇಳಿ ಸರಿಮಾಡಿಸಬಹುದಿತ್ತು. ಅವರು ‘ಅಷ್ಟೇ’ ಎಂದು ಕೂತರು.

ನಾನು ತಲೆ ಎತ್ತಿ ಯಜಮಾನರನ್ನು ನೋಡಿದೆ. ಅವರು ಏಳುತ್ತಿದ್ದರು. ಆ ದಿನ ಗೌನನ್ನು ಜಾರಿಸಲಿಲ್ಲ, ದನಿ ಏರಿಸಲಿಲ್ಲ. ಅವರು ಅಷ್ಟು ಮೃದುವಾಗಿ ಒಬ್ಬ ಸಾಕ್ಷಿಯನ್ನು ಮಾತಾಡಿಸಿದ್ದು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ.

‘ನಿನಗೆ ಓದಲು ಬರುತ್ತದೆಯೇನಮ್ಮ?’ ಎಂದು ಕನ್ನಡದಲ್ಲೇ ಕೇಳಿದರು. ಅವಳೂ ತನ್ನ ಸಂತೆಯ ಕನ್ನಡಕ್ಕೆ ಮರಳಿದಳು.

‘ಇಲ್ಲ.’

‘ಆ ಪಟ್ಟಿ ಯಾರದು?’

‘ರೈಟರ್‌ದು.’

‘ಅದನ್ನು ನೀನು ಮೊದಲೇ ನೋಡಿದ್ದೆಯಾ?’

‘ದಿನಾ ಕಾಣ್ತೇನೆ.’

‘ನೀನು ಸ್ಟೇಷನ್ನಿಗೆ ಹೋಗಿ ಹೇಳಿಕೆ ಕೊಡುವಾಗ ಆ ಪಟ್ಟಿ ಅಲ್ಲಿತ್ತೋ?’

‘ಇತ್ತು.’ ಅವಳಿಗೆ ಧೈರ್ಯ ಬಂದಿತ್ತು. ಇಷ್ಟು ಒಳ್ಳೆಯ ಮನುಷ್ಯ ಇಷ್ಟು ಸರಿಯಾದ ಪ್ರಶ್ನೆಗಳನ್ನು ಕೇಳುತ್ತಿದ್ದಾನಲ್ಲ ಎಂದು ಅವಳ ಮುಖ ಅರಳಿತ್ತು. ‘ಅಲ್ಲೇ ಇತ್ತು, ಎಲ್ರೂ ಕಂಡಿದ್ದಾರೆ.’

‘ಸಂತೋಷ’ ಎಂದು ಯಜಮಾನರು ಕೂತರು.

ಕಾನೂನಿನ ಪ್ರಕಾರ ಬರೆದುಕೊಂಡ ಸಾಕ್ಷ್ಯವನ್ನು ಸಾಕ್ಷಿಗೆ ಓದಿ ಹೇಳಬೇಕು. ತಪ್ಪಿದ್ದರೆ ಅವಳು ಹೇಳಬಹುದು. ಗುಮಾಸ್ತ ಓದಿದ. ‘ಪಟ್ಟಿಯನ್ನು ಕಂಡು ಆಳನ್ನು ಗುರುತಿಸಿದೆ’ ಎಂಬಲ್ಲಿಗೆ ಬಂದಾಗ ಚೇಚಿ ಬಲವಾಗಿ ತಲೆ ಆಡಿಸಿದಳು. ಅವಳ ಕಿವಿಗೆ ಅದು ಅವಳದೇ ಮಾತು. ಹೆಬ್ಬೆಟ್ಟು ಒತ್ತಿ ಕೆಳಗಿಳಿದಳು. ನಾನು ನನ್ನ ಪೆನ್ನಿನ ಮುಚ್ಚಳ ತಿರುವುತ್ತ ಕೂತಿದ್ದೆ.

ಸಂಜೆ ಕಚೇರಿಯಲ್ಲಿ ಬೇರೆ ಯಾರೂ ಇಲ್ಲದಾಗ ಹೇಳಿದೆ. ‘ಸಾರ್, ಅವಳು ಹೇಳಿದ್ದು ನಾಯಿ ಅಂತ.’

‘ಹೌದು’ ಎಂದರು ಯಜಮಾನರು.

‘ಬರೆದುಕೊಂಡದ್ದು ಬೇರೆ ಅರ್ಥವಾಗುತ್ತೆ.’

‘ಮೇಷ್ಟ್ರೇ, ನಾನು ಭಾನುವಾರ ಮೀನು ತರೋದು ಯಾವ ಭಾಷೇಲಿ?’ ಅವರು ನಗಲಿಲ್ಲ; ನಕ್ಕಿದ್ದರೆ ನನಗೆ ಅನುಕೂಲವಾಗುತ್ತಿತ್ತು. ‘ತರ್ಜುಮೆ ಮಾಡಿದ್ದು ನಾನಲ್ಲ. ಬರೆದುಕೊಂಡದ್ದು ನಾನಲ್ಲ. ಅವಳಿಗೆ ಓದಿ ಹೇಳಿದರು, ಅವಳೂ ಒಪ್ಪಿದಳು. ನಾನು ಸುಳ್ಳು ಪ್ರಶ್ನೆ ಒಂದಾದ್ರೂ ಕೇಳಿದೆನಾ ಹೇಳಿ.’

ಕೇಳಿರಲಿಲ್ಲ. ಅದೇ ಅವರ ಕಲೆ.

‘ನಮ್ಮ ಕಕ್ಷಿಗಾರನ ಕೆಲಸ ಮಾಡೋದು ನಮ್ಮ ಧರ್ಮ. ಎದುರು ಕಡೆಯವರ ಕಿವಿ ತೊಳೆಯೋದು ನಮ್ಮ ಕೆಲಸವಲ್ಲ’ ಎಂದು ಅವರು ಕೊಡೆ ತೆಗೆದುಕೊಂಡು ಹೊರಟರು. ಪಕ್ಕದ ಕೋಣೆಯಿಂದ ಸಿವಿಲ್ ಯಜಮಾನರು ಇಣುಕಿ, ‘ಏನಂತೆ?’ ಎಂದು ಕೇಳಿದರು. ವಿಷಯ ತಿಳಿದು ಸಂತೋಷದಿಂದ ಹೊಟ್ಟೆ ಹಿಡಿದುಕೊಂಡು ನಕ್ಕರು. ಮರುದಿನದೊಳಗೆ ವಕೀಲರ ಕೋಣೆಯಲ್ಲಿ ಅದು ಎಲ್ಲರಿಗೂ ಗೊತ್ತಿತ್ತು. ಮಲಯಾಳ ಬರುವವರು ಅಲ್ಲಿ ಅರ್ಧಕ್ಕಿಂತ ಹೆಚ್ಚು. ಸಂಸ್ಕೃತ ಶ್ಲೋಕ ಹೇಳುತ್ತಿದ್ದವರೂ, ರಾಜ್ಯದ ಮಂತ್ರಿಗಳಿಗೆ ಕಾನೂನು ಸಲಹೆ ಕೊಡುತ್ತಿದ್ದವರೂ, ಗಾಂಧಿ ಟೋಪಿಯನ್ನು ದಿನಾ ಇಸ್ತ್ರಿ ಮಾಡಿಸುತ್ತಿದ್ದವರೂ ತೊಡೆ ತಟ್ಟಿ ನಕ್ಕರು. ಮ್ಯಾಜಿಸ್ಟ್ರೇಟರಿಗೆ ಹೇಳೋಣ ಎಂದು ಒಬ್ಬನಿಗೂ ತೋಚಲಿಲ್ಲ. ಮಡಿಕೇರಿಯ ವಕೀಲರ ಕೋಣೆಯಷ್ಟು ವಿದ್ಯಾವಂತರು ಒಂದೇ ಸೂರಿನಡಿ ಸೇರುತ್ತಿದ್ದ ಜಾಗ ಆ ಪುಟ್ಟ ರಾಜ್ಯದಲ್ಲಿ ಬೇರೊಂದಿರಲಿಲ್ಲ.

ನಾನು ಒಂದು ಕೆಲಸ ಮಾಡಿದೆ. ಅದನ್ನು ಧೈರ್ಯವೆಂದು ಆಗ ತಿಳಿದುಕೊಂಡಿದ್ದೆ. ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಪ್ರಾಸಿಕ್ಯೂಟಿಂಗ್ ಇನ್ಸ್‌ಪೆಕ್ಟರು ಒಬ್ಬರೇ ಕೂತು ದೋಸೆ ತಿನ್ನುತ್ತಿದ್ದರು. ಎದುರು ಕೂತು, ದನಿ ತಗ್ಗಿಸಿ, ಪಟ್ಟಿ ಎಂದರೆ ಏನೆಂದು ಹೇಳಿದೆ. ಸಾಕ್ಷಿಯನ್ನು ಮತ್ತೆ ಕರೆಸಲು ಒಂದು ಅರ್ಜಿ ಹಾಕಿದರೆ ಸಾಕು, ನನ್ನ ಹೆಸರು ಬರಬಾರದು ಎಂದೆ.

ಅವರು ಚಟ್ನಿ ಒರೆಸಿಕೊಂಡು ಯೋಚಿಸಿದರು. ‘ಅಲ್ರೀ, ಸಾಕ್ಷ್ಯ ಮುಗ್ದೋಗಿದೆ. ಈಗ ಅರ್ಜಿ ಅಂದ್ರೆ ನಾನು ಅವತ್ತು ಏನ್ ಮಾಡ್ತಿದ್ದೆ ಅಂತ ಸಾಹೇಬ್ರು ಕೇಳಲ್ವಾ? ನನಗೆ ವಿರಾಜಪೇಟೆಗೆ ವರ್ಗ ಬೇರೆ ಆಗಿದೆ. ನಾಯಿ ವಿಷ್ಯಕ್ಕೆ ಯಾಕೆ ಇಷ್ಟು ತಲೆ ಕೆಡಿಸ್ಕೋತೀರಿ?’

‘ಮನುಷ್ಯನ ಕಾಲು ಮುರಿದಿದೆ ಸಾರ್.’

‘ಕೂಡ್ಕೊಂಡಿರುತ್ತೆ ಬಿಡಿ ಇಷ್ಟೊತ್ತಿಗೆ’ ಎಂದು ಅವರು ಇನ್ನೊಂದು ಕಾಫಿಗೆ ಹೇಳಿದರು.

ಅಲ್ಲಿಗೆ ಬಿಟ್ಟಿದ್ದರೂ ಆಗುತ್ತಿತ್ತು. ಆ ಪುಣ್ಯಾತ್ಮ ಅದೇ ಸಂಜೆ ನಮ್ಮ ಯಜಮಾನರ ಮನೆಗೆ ಹೋಗಿ ನಾನು ಬಂದು ಹೇಳಿದ್ದನ್ನು ಒಪ್ಪಿಸಿದ್ದ. ಬೆಳಿಗ್ಗೆ ಯಜಮಾನರು ನನ್ನನ್ನು ಕರೆದರು. ಬೈಯುತ್ತಾರೆ, ಹೊರಗೆ ಹಾಕುತ್ತಾರೆ ಎಂದುಕೊಂಡಿದ್ದೆ. ಅವರು ಕಡತವನ್ನು ನನ್ನ ಕಡೆ ತಳ್ಳಿದರು.

‘ನಾಳೆ ವಾದ ನೀವು ಮಾಡಿ.’

‘ನಾನಾ ಸಾರ್?’

‘ಎಷ್ಟು ದಿನ ಅಂತ ಪುಸ್ತಕ ಹೊರ್ತೀರಿ? ಬೇರೆ ಏನೂ ಬೇಡ. ಅವಳ ಸಾಕ್ಷ್ಯ ನಿಧಾನಕ್ಕೆ ಓದಿ. ನಾನು ಪಕ್ಕದಲ್ಲೇ ಕೂತಿರ್ತೀನಿ.’

ಅವರು ಅದನ್ನು ಶಿಕ್ಷೆಯಂತೆ ಕೊಟ್ಟರೋ ಬಹುಮಾನದಂತೆ ಕೊಟ್ಟರೋ ನನಗೆ ತಿಳಿಯಲಿಲ್ಲ. ನಾನು ತೆಗೆದುಕೊಂಡದ್ದು ಬಹುಮಾನದಂತೆ. ಇದನ್ನು ಬರೆಯುವಾಗ ನನ್ನ ಮೇಲೆ ಹುಟ್ಟುವ ಹೇಸಿಗೆ, ಆ ಇಬ್ಬರು ಯಜಮಾನರ ಮೇಲೆ, ಆ ಗುಮಾಸ್ತನ ಮೇಲೆ, ದೋಸೆ ತಿನ್ನುತ್ತಿದ್ದ ಆ ಇನ್ಸ್‌ಪೆಕ್ಟರನ ಮೇಲೆ ಹುಟ್ಟುವ ಹೇಸಿಗೆಗಿಂತ ಬೇರೆ ಜಾತಿಯದು. ಅವರು ತಮಗೆ ಅಭ್ಯಾಸವಾದದ್ದನ್ನು ಮಾಡಿದರು. ನಾನು ಇಡೀ ಮಧ್ಯಾಹ್ನ ಕೋಣೆಯ ಬಾಗಿಲು ಹಾಕಿಕೊಂಡು, ಗೋಡೆಯ ಎದುರು ನಿಂತು, ಎಲ್ಲಿ ದನಿ ಏರಿಸಬೇಕು ಎಲ್ಲಿ ತಡೆಯಬೇಕು ಎಂದು ಅಭ್ಯಾಸ ಮಾಡಿದೆ.

ಮರುದಿನ ಎದ್ದು ನಿಂತಾಗ ಚೇಚಿ ಬಾಗಿಲ ಹತ್ತಿರ ನಿಂತಿರುವುದನ್ನು ಕಂಡೆ. ನೆಲ್ಯಹುದಿಕೇರಿಯಿಂದ ಬೆಳಗಿನ ಬಸ್ಸಿಗೆ ಬಂದಿದ್ದಳು. ಸಾಕ್ಷ್ಯ ಮುಗಿದವರು ಬರಬೇಕಾಗಿಲ್ಲವೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

‘ಸ್ವಾಮಿ, ಇಡೀ ಮೊಕದ್ದಮೆ ನಿಂತಿರುವುದು ಈ ಒಬ್ಬ ಸಾಕ್ಷಿಯ ಮೇಲೆ’ ಎಂದು ಸುರು ಮಾಡಿದೆ. ‘ಆಕೆಗೆ ಓದು ಬರುವುದಿಲ್ಲ. ಮುಸುಕಿನವರ ಮುಖ ಆಕೆ ನೋಡಿಲ್ಲ. ಮತ್ತೆ ಗುರುತಿಸಿದ್ದು ಹೇಗೆ? ಆಕೆಯ ಮಾತಿನಲ್ಲೇ ಕೇಳಬೇಕು.’ ಓದಿದೆ. ‘ಪಟ್ಟಿಯನ್ನು ಕಂಡು ಆಳನ್ನು ಗುರುತಿಸಿದೆ. ಪಟ್ಟಿ ರೈಟರನದು. ಸ್ಟೇಷನ್ನಿನಲ್ಲಿ ಹೇಳಿಕೆ ಕೊಡುವಾಗ ಆ ಪಟ್ಟಿ ಅಲ್ಲಿತ್ತು.’

ಕಣ್ಣು ತಾನಾಗಿ ಬಾಗಿಲಿನ ಕಡೆ ಹೋಯಿತು. ಚೇಚಿ ತಲೆ ಆಡಿಸುತ್ತಿದ್ದಳು. ನಗುತ್ತಿದ್ದಳು. ಪಕ್ಕದಲ್ಲಿ ನಿಂತಿದ್ದ ಯಾರಿಗೋ ನನ್ನನ್ನು ತೋರಿಸಿ ಏನೋ ಹೇಳುತ್ತಿದ್ದಳು. ಕೊನೆಗೂ ಒಬ್ಬ ತನ್ನ ಮಾತನ್ನು ಹಾಗೆ ಹಾಗೆಯೇ ಎದ್ದುನಿಂತು ಹೇಳುತ್ತಿದ್ದಾನೆ, ಅದೂ ಮೇಷ್ಟ್ರ ಮಗ. ಅವಳು ಅಂದುಕೊಂಡದ್ದು ಅದು.

ನಾನು ನಿಲ್ಲಿಸಬಹುದಿತ್ತು. ನನ್ನ ನಾಲಗೆಯ ತುದಿಯಲ್ಲಿ ಒಂದೇ ಒಂದು ಶಬ್ದ ಇತ್ತು. ನಾನು ಮುಂದುವರಿದೆ. ಪೊಲೀಸರು ಓದುಬಾರದ ಹೆಂಗಸಿನ ಮುಂದೆ ಎಸ್ಟೇಟಿನ ಹಾಜರಿ ಪಟ್ಟಿ ಹಿಡಿದು ಒಂದು ಹೆಸರನ್ನು ಅವಳ ಬಾಯಿಗೆ ಹಾಕಿದ್ದಾರೆ ಎಂದು ವಾದಿಸಿದೆ. ಚೆನ್ನಾಗಿಯೇ ವಾದಿಸಿದೆ. ಮ್ಯಾಜಿಸ್ಟ್ರೇಟರು ಆ ದಿನ ಗಡಿಯಾರ ನೋಡಲಿಲ್ಲ.

ತೀರ್ಪು ಅದೇ ವಾರ ಬಂತು. ರೈಟರ್ ಬಿಡುಗಡೆಯಾದ. ಮೇಲ್ಮನವಿಯ ಮಾತನ್ನು ಯಾರೂ ಎತ್ತಲಿಲ್ಲ. ಎತ್ತಬೇಕಾಗಿದ್ದವರು ವಿರಾಜಪೇಟೆಯಲ್ಲಿ ಮನೆ ಹುಡುಕುತ್ತಿದ್ದರು. ಕಚೇರಿಯಲ್ಲಿ ಸಿವಿಲ್ ಯಜಮಾನರು ಮೈಸೂರುಪಾಕು ಹಂಚಿದರು. ನನ್ನ ಬೆನ್ನು ತಟ್ಟಿ ‘ಇನ್ನು ನೀವು ನಮ್ಮವರು’ ಎಂದರು. ಅವರು ಹೇಳಿದ ನಿಜಗಳಲ್ಲಿ ಅದೊಂದು.

ಚೇಚಿ ಕಚೇರಿಗೆ ಬಂದದ್ದು ಮಧ್ಯಾಹ್ನ, ಯಜಮಾನರಿಬ್ಬರೂ ಊಟಕ್ಕೆ ಹೋಗಿದ್ದಾಗ. ಹೊಸ್ತಿಲಿನ ಹೊರಗೇ ನಿಂತಳು.

‘ಮಾಷ್ಟ್ರ ಮೋನೇ, ನೀನು ಅಷ್ಟು ಸರಿಯಾಗಿ ಹೇಳಿದ್ದೀ. ಮತ್ತೂ ಅವನನ್ನು ಯಾಕೆ ಬಿಟ್ರು?’

ಸುಳ್ಳು ಹೇಳಲು ನನಗೆ ಅವಕಾಶವಿತ್ತು. ಯಾಕೆ ಹೇಳಲಿಲ್ಲವೋ ಗೊತ್ತಿಲ್ಲ. ಒಳ್ಳೆಯತನ ಅಂತೂ ಅಲ್ಲ, ಹೊರಲಾರದೆ ಇಳಿಸಿಬಿಟ್ಟೆ ಅಷ್ಟೆ. ಅವಳ ಭಾಷೆಯಲ್ಲೇ ಹೇಳಿದೆ. ಕನ್ನಡದಲ್ಲಿ ಪಟ್ಟಿ ಅಂದರೆ ನಾಯಿ ಅಲ್ಲ ಚೇಚಿ, ಹೆಸರು ಬರೆದ ಕಾಗದ. ಮೇಜಿನ ಮೇಲಿದ್ದ ಒಂದು ಪಟ್ಟಿಯನ್ನು ತೋರಿಸಿದೆ. ಅವಳು ಕಾಗದ ನೋಡಿದಳು, ನನ್ನನ್ನು ನೋಡಿದಳು. ಒಂದೊಂದಾಗಿ ಎಲ್ಲ ಪ್ರಶ್ನೆಗಳನ್ನೂ ಅವಳು ಮನಸ್ಸಿನಲ್ಲಿ ಹಿಂದಕ್ಕೆ ಓಡಿಸುತ್ತಿರುವುದು ಕಾಣುತ್ತಿತ್ತು.

‘ನಿಂಗೆ ಗೊತ್ತಿತ್ತಾ?’

‘ಗೊತ್ತಿತ್ತು.’

‘ಓದುವಾಗ?’

‘ಓದುವಾಗಲೂ.’

ಅವಳು ಬೈದಿದ್ದರೆ, ಮಣ್ಣು ತೂರಿದ್ದರೆ, ನಾನು ಅದನ್ನು ಇಲ್ಲಿ ಹೇಳಿ ಸ್ವಲ್ಪ ಹಗುರಾಗುತ್ತಿದ್ದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು, ‘ಅಯ್ಯೋ, ನಾನು ತಲೆ ಆಡಿಸಿದ್ದೇನಲ್ಲಾ’ ಎಂದಳು. ‘ಅಷ್ಟು ಜನರ ಎದುರು ನಗಾಡಿಕೊಂಡು ತಲೆ ಆಡಿಸಿದ್ದೇನಲ್ಲಾ.’

ಹೊಸ್ತಿಲು ದಾಟಿ ಹತ್ತಿರ ಬಂದಳು. ‘ಒಂದು ಮಾತು. ನನ್ನ ಗಂಡನಿಗೆ ಇದು ತಿಳೀಬಾರದು. ಎಸ್ಟೇಟಿನವರು ದುಡ್ಡು ತಿನ್ನಿಸಿದ್ದಾರೆ ಅಂತ ಅವರು ಹೇಳ್ತಿದ್ದಾರೆ. ಹಾಗೇ ಇರ್ಲಿ. ನನ್ನ ಬಾಯಿಂದ ಹೋಯ್ತು ಅಂತ ಆದ್ರೆ ಅವರಿಗೆ ಸಹಿಸ್ಲಿಕ್ಕೆ ಆಗೂದಿಲ್ಲ.’

ಅವಳ ಬಾಯಿಂದ ಹೋಗಲಿಲ್ಲ ಎಂದು ಹೇಳಲು ಹೊರಟೆ. ಅವಳು ಆಗಲೇ ಮೆಟ್ಟಿಲಿಳಿಯುತ್ತಿದ್ದಳು.

ಆ ದಿನವೇ ಕಚೇರಿ ಬಿಟ್ಟೆ ಎಂದು ಬರೆಯಲು ನನಗೆ ಇಷ್ಟ. ಬಿಡಲಿಲ್ಲ. ಇನ್ನೂ ಮೂರು ವರ್ಷ ಅಲ್ಲೇ ಇದ್ದೆ. ಸಾಕ್ಷಿಗಳನ್ನು ಅಳಿಸಲು ಕಲಿತೆ, ಮೃದುವಾಗಿ ಕೇಳಲು ಇನ್ನೂ ಚೆನ್ನಾಗಿ ಕಲಿತೆ. ಕೊಡಗು ರಾಜ್ಯ ಮೈಸೂರಿನೊಳಗೆ ಸೇರಿದಾಗ ನಮ್ಮ ಕ್ರಿಮಿನಲ್ ಯಜಮಾನರು ದೊಡ್ಡ ಸಭೆಯಲ್ಲಿ ನಾಡಿನ ಸ್ವಾಭಿಮಾನದ ಬಗ್ಗೆ ಮಾತಾಡಿ, ಮರುತಿಂಗಳು ಹೊಸ ಸರಕಾರದ ವಕೀಲರಾದರು. ಅವರು ಹೋದ ಮೇಲೆ ಸಿವಿಲ್ ಯಜಮಾನರಿಗೂ ನನಗೂ ಹೊಂದಲಿಲ್ಲ. ಹಾಗೆ ಹೊರಗೆ ಬಂದೆ. ಆತ್ಮಸಾಕ್ಷಿಗೂ ಅದಕ್ಕೂ ಸಂಬಂಧವಿಲ್ಲ.

ಅಂಬಿಗನ ಕಾಲು ಕೂಡಿಕೊಂಡಿತು, ಸೊಟ್ಟಗೆ. ದೋಣಿಯಲ್ಲಿ ನಿಂತು ಕೋಲು ಹಾಕಲು ಆಗುತ್ತಿರಲಿಲ್ಲ. ಚೇಚಿಯೇ ದೋಣಿ ನಡೆಸತೊಡಗಿದಳು. ನಮ್ಮಪ್ಪ ಕಾಯಿಲೆ ಬಿದ್ದಾಗ ನಾನು ಊರಿಗೆ ಹೋಗಿ, ಔಷಧಕ್ಕೆಂದು ಆಚೆ ದಡಕ್ಕೆ ಹೋಗಬೇಕಾಯಿತು. ಸುತ್ತು ಹಾಕಿ ಹೋಗಬಹುದಾಗಿದ್ದ ದಾರಿ ನೀರು ಬಂದು ಮುಚ್ಚಿತ್ತು. ಅವಳು ನನ್ನನ್ನು ಹತ್ತಿಸಿಕೊಂಡಳು, ಅಪ್ಪನ ಜ್ವರ ವಿಚಾರಿಸಿದಳು, ಕನ್ನಡದಲ್ಲಿ. ನನ್ನ ಹತ್ತಿರ ಅವಳು ಮತ್ತೆ ಮಲಯಾಳ ಮಾತಾಡಲಿಲ್ಲ.

ದಡ ಮುಟ್ಟಿದಾಗ ಹೇಳಿದಳು: ‘ಕಡವನ್ನು ನನ್ನ ಹೆಸರಿಗೆ ಮಾಡಿಸ್ಬೇಕು. ಅರ್ಜಿ ಬರೆದು ಕೊಡ್ತೀಯಾ?’

ನಾನು ಅಲ್ಲೇ ದೋಣಿಯ ಹಲಗೆಯ ಮೇಲೆ ಕೂತು ಬರೆದೆ. ಮಾಮೂಲಿನ ಕೋರ್ಟು ಭಾಷೆಯನ್ನೆಲ್ಲ ಬಿಟ್ಟು, ಸಣ್ಣ ಸಣ್ಣ ಮಾತುಗಳಲ್ಲಿ. ಅವಳು ಮೂರು ಸಲ ಓದಿಸಿದಳು. ಒಂದೊಂದು ಶಬ್ದಕ್ಕೂ ಬೆರಳಿಟ್ಟು, ‘ಇದು ಏನು? ಇದಕ್ಕೆ ಇನ್ನೊಂದು ಅರ್ಥ ಉಂಟಾ?’ ಎಂದು ಕೇಳಿದಳು. ನಾನು ಹೇಳಿದೆ. ಹೆಬ್ಬೆಟ್ಟಿಗೆ ಶಾಯಿ ಕೊಟ್ಟೆ. ಅವಳು ಒತ್ತಲಿಲ್ಲ. ಕಾಗದವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ‘ಪೋಸ್ಟ್ ಮಾಸ್ಟ್ರಲ್ಲಿ ಒಮ್ಮೆ ಓದಿಸಿ ಒತ್ತುತ್ತೇನೆ’ ಎಂದಳು.

ಹತ್ತಿರದಲ್ಲಿ ಬೇರೆ ಪ್ರಯಾಣಿಕರು ಕಾಯುತ್ತಿದ್ದರು. ನಾನು ಇಳಿದೆ. ಅವಳು ಅವರನ್ನು ಹತ್ತಿಸಿಕೊಂಡು ದೋಣಿ ತಿರುಗಿಸಿದಳು.